ಎರಡು ಅಂಗಡಿ, ಒಂದು ಪರದೆ

ನಾನು ವಿಲಾಯತಿಗೆ ಹೋಗಿ ಬಂದೆ ಎಂದರೆ ನಮ್ಮ ಓಣಿಯ ಹೆಣ್ಣುಮಕ್ಕಳು ಮೊದಲು ಕೇಳುವುದು ರಾಣಿಯ ಅರಮನೆ ನೋಡಿದೆಯಾ, ಹಿಮ ಬಿತ್ತಾ ಎಂದು. ಅರಮನೆ ನೋಡಲಿಲ್ಲ. ಹಿಮ ಬೀಳುವ ಹೊತ್ತಿಗೆ ನಾನು ಊರಿಗೆ ಬಂದಾಗಿತ್ತು. ಇದ್ದ ಎರಡು ತಿಂಗಳಲ್ಲಿ ನಾನು ಮನಸ್ಸಿಟ್ಟು ನೋಡಿದ್ದು ಒಂದು ಅಂಗಡಿ. "ಅಯ್ಯ, ಅಂಗಡಿ ನೋಡಾಕ ಅಷ್ಟ ದೂರ ಹೋಗಬೇಕೇನ?" ಎಂದು ನಕ್ಕವರೇ ಹೆಚ್ಚು. ನಗಲಿ. ನಲವತ್ತು ವರ್ಷ ಅಂಗಡಿಯಲ್ಲೇ ಕಳೆದವಳ ಕಣ್ಣಿಗೆ ಬೇರೆ ಏನು ಬೀಳಬೇಕು?

ಬಾಗಲಕೋಟೆ

ನಮ್ಮ ಅಂಗಡಿಯನ್ನು ಊರವರೆಲ್ಲ ದೊಡ್ಡಂಗಡಿ ಎನ್ನುತ್ತಿದ್ದರು. ನಮ್ಮಜ್ಜ ತಟ್ಟು ಕುದುರೆಯ ಮೇಲೆ ಗುಳೇದಗುಡ್ಡದ ಕುಪ್ಪಸದ ಖಣದ ಗಂಟು ಹೇರಿಕೊಂಡು ಕಮತಗಿ, ಹುನಗುಂದ, ಬಾದಾಮಿಯ ಸಂತೆಗಳನ್ನು ತಿರುಗಿದವನು. ತಟ್ಟು ಮುದಿಯಾಗಿ ಇನ್ನು ನಡೆಯಲಾರೆ ಎಂದು ಕುಳಿತ ವರ್ಷ ತಾನೂ ಬಾಗಲಕೋಟೆಯ ಪೇಟೆಯಲ್ಲಿ ಒಂದು ಕಟ್ಟೆ ಹಿಡಿದು ಕುಳಿತ. ನಮ್ಮಪ್ಪ ಖಣದ ಪಕ್ಕಕ್ಕೆ ಇಳಕಲ್ ಸೀರೆ ತಂದಿಟ್ಟ. ಆಮೇಲೆ ಹಿತ್ತಾಳೆ ಪಾತ್ರೆ, ಛತ್ರಿ, ಮಕ್ಕಳ ಪಾಟಿ ಬಂದವು. ನನ್ನ ತಮ್ಮ ಈರಣ್ಣನ ಕಾಲಕ್ಕೆ ಬಾಜೂ ಅಂಗಡಿಯ ಗೋಡೆ ಒಡೆದು ಒಂದು ಮಾಡಿದೆವು. ಕೂಸಿನ ಕುಲಾವಿಯಿಂದ ಹಿಡಿದು ಲಗ್ನದ ಟ್ರಂಕಿನ ತನಕ ಎಲ್ಲವೂ ಒಂದೇ ಸೂರಿನ ಕೆಳಗೆ ಸಿಗುತ್ತಿತ್ತು. ಹಳ್ಳಿಯಿಂದ ಬಂದವರು ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕುಳಿತರೆ ಕೂಸನ್ನೂ ಬುತ್ತಿಗಂಟನ್ನೂ ಅಲ್ಲೇ ಬಿಟ್ಟು ಉಳಿದ ಪೇಟೆ ಮುಗಿಸಿಕೊಂಡು ಬರುತ್ತಿದ್ದರು.

ಆ ಗಾದಿಯ ಹಿಂದೆ ಒಂದು ಹಸಿರು ಪರದೆ ಇತ್ತು. ಪರದೆಯ ಹಿಂದೆ ನಾನಿದ್ದೆ.

ನನ್ನನ್ನು ಚೊಳಚಗುಡ್ಡಕ್ಕೆ ಕೊಟ್ಟಿದ್ದರು. ನನಗೆ ಹದಿನೇಳಾದಾಗ ಗಂಡ ತೀರಿಹೋದ. ಅಪ್ಪ ನನ್ನನ್ನು ವಾಪಸು ಕರೆದುಕೊಂಡು ಬಂದ. ಮನೆಯಲ್ಲಿ ಕುಳಿತು ಅತ್ತುಅತ್ತು ಕಣ್ಣು ಕೆಡಿಸಿಕೊಳ್ಳುತ್ತಾಳೆ ಎಂದು ಅಂಗಡಿಗೆ ಕರೆದೊಯ್ದ. ಸೀರೆಯ ಗುಣ ನನ್ನ ಬೆರಳಿಗೆ ಬೇಗ ಹತ್ತಿತು. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಎರಡರ ಎಳೆಗಳನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೊಂಡಿಯ ಸಾಲಿನ ಮೇಲೆ ಬೆರಳಾಡಿಸಿದರೆ ನೇಯ್ದವರು ನಿಧಾನಸ್ಥರೋ ಅವಸರದವರೋ ನನಗೆ ತಿಳಿಯುತ್ತಿತ್ತು. ಆದರೆ ಗಿರಾಕಿಗಳ ಮುಂದೆ ನಾನು ಸೀರೆ ಬಿಡಿಸುವ ಹಾಗಿರಲಿಲ್ಲ. ಮದುಮಗಳ ಸೀರೆಯನ್ನು ಗಂಡ ಸತ್ತವಳು ಬಿಡಿಸುವುದೆಂದರೇನು? "ಮಂದಿ ಒಪ್ಪೂದಿಲ್ಲವಾ" ಎಂದು ಅಪ್ಪ ಎರಡು ಹಳೆಯ ಸೀರೆ ಹೊಲಿಸಿ ಪರದೆ ಕಟ್ಟಿಸಿದ. ನಾವು ಬಸವಣ್ಣನವರನ್ನು ನಂಬಿದ ಮನೆಯವರು, ಇಂಥ ಸೂತಕ ನಮಗೆ ಸಲ್ಲದು ಎಂದು ಮನೆಯಲ್ಲಿ ದಿನವೂ ಹೇಳುವವರು. ಅಂಗಡಿಯಲ್ಲಿ ಬಸವಣ್ಣನವರ ಪಟವೂ ಇತ್ತು. ಅದು ಪರದೆಯ ಆಚೆ ಇತ್ತು.

ಕೆಲಸ ಹೀಗೆ ನಡೆಯುತ್ತಿತ್ತು. ಲಗ್ನದ ಜವಳಿಗೆ ಬಂದವರ ಮಾತನ್ನು ನಾನು ಒಳಗಿನಿಂದ ಕೇಳುತ್ತಿದ್ದೆ. ಯಾರು ಅತ್ತೆ, ಯಾರು ನಾದಿನಿ ಎಂದು ದನಿಯಿಂದಲೇ ಗೊತ್ತಾಗುತ್ತಿತ್ತು. ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಮೆಲ್ಲಗೆ ಮಾತಾಡುವವಳು ಮದುಮಗಳು. ಅವಳ ಬಣ್ಣ, ಎತ್ತರ, ಮನಸ್ಸಿನ ಆಸೆ ಎಲ್ಲವನ್ನೂ ಅಕ್ಕಪಕ್ಕದವರ ಮಾತಿನಿಂದ ಹೆಕ್ಕಿ, ಒಂದು ಸೀರೆ ಆರಿಸಿ ಪರದೆಯ ಅಂಚಿನಡಿಯಿಂದ ಮುಂದೆ ತಳ್ಳುತ್ತಿದ್ದೆ. ಈರಣ್ಣ ಅದನ್ನು ತಾನೇ ತೆಗೆದವನ ಹಾಗೆ ಎತ್ತಿ ಬಿಡಿಸುತ್ತಿದ್ದ. ಅವನು ತಪ್ಪು ಸೀರೆಗೆ ಕೈ ಹಾಕಿದರೆ ನಾನು ಒಮ್ಮೆ ಕೆಮ್ಮುತ್ತಿದ್ದೆ. ಹೀಗೆ ಎಷ್ಟು ಸಾವಿರ ಮದುಮಕ್ಕಳಿಗೆ ಸೀರೆ ಆರಿಸಿದೆನೋ. ಒಬ್ಬಳ ಮುಖವನ್ನೂ ನೋಡಲಿಲ್ಲ.

ಎಂಬತ್ತರ ದಶಕದಲ್ಲಿ ಹಳೇ ಊರು ಆಣೆಕಟ್ಟಿನ ಹಿನ್ನೀರಿಗೆ ಹೋಗುವುದು ಖಾತ್ರಿಯಾಯಿತು. ಈರಣ್ಣ ಮೇಲೆ ಎತ್ತರದಲ್ಲಿ ಕಟ್ಟುತ್ತಿದ್ದ ಹೊಸ ಊರು ನವನಗರದಲ್ಲಿ ಹೊಸ ಅಂಗಡಿ ಕಟ್ಟಿಸತೊಡಗಿದ. ಒಂದು ದಿನ ನಕ್ಷೆಯ ಹಾಳೆ ತಂದು ನನ್ನ ಮುಂದೆ ಹಾಸಿದ. ಗಾಜಿನ ಕಪಾಟು ಇಲ್ಲಿ, ಪಾತ್ರೆ ಮೇಲೆ, ಸೀರೆ ಕೆಳಗೆ ಎಂದು ಬೆರಳಿಟ್ಟು ತೋರಿಸಿದ. ನಾನು ಹಾಳೆಯ ತುಂಬ ಪರದೆಯ ಜಾಗ ಹುಡುಕಿದೆ.

"ನಾ ಎಲ್ಲಿ ಕುಂದರಬೇಕೋ?" ಎಂದೆ.

"ಅಕ್ಕಾ, ಈಗೆಲ್ಲಾ ಕನ್ನಡಿ, ಗಾಜು. ಪರದೆ ಕಟ್ಟಿದ್ರ ಚಂದ ಕಾಣೂದಿಲ್ಲ. ಭಾಳ ದಣದಿ. ಇನ್ನ ಮನ್ಯಾಗ ಆರಾಮ ಇರು."

ಅವನಿಗೆ ನನ್ನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಅದನ್ನು ಪ್ರೀತಿಯಿಂದಲೇ ಹೇಳಿದ. ನಾನು ನಕ್ಷೆ ಮಡಚಿ ಅವನ ಕೈಗೆ ಕೊಟ್ಟೆ. ಮುಂದಿನ ವಾರವೇ ಅವನ ಮಗಳು ಶಾರದಾಳ ಪತ್ರ ಬಂತು. ಅವಳ ಗಂಡ ವಿಲಾಯತಿಯ ಒಂದು ಊರಲ್ಲಿ ಡಾಕ್ಟರ್. ಅವಳಿಗೆ ದಿನ ತುಂಬುತ್ತಿತ್ತು. ಹೆತ್ತ ತಾಯಿ ತೀರಿಕೊಂಡು ಆರು ವರ್ಷ, ಬಾಣಂತನಕ್ಕೆ ನಾನೇ ಹೋಗಬೇಕಾಯಿತು. ಶ್ರಾವಣದಲ್ಲಿ ಸೊಲ್ಲಾಪುರದ ಮೇಲೆ ಬೊಂಬಾಯಿಗೆ ಗಾಡಿ ಹತ್ತಿದೆ, ಅಲ್ಲಿಂದ ವಿಮಾನ.

ದಾರಿ

ವಿಮಾನದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಕುಳಿತೆ, ಕಣ್ಣು ಮುಚ್ಚಿದೆ, ಕೊರಳಿನ ಲಿಂಗಯ್ಯನನ್ನು ನೆನೆದೆ. ಪಜೀತಿ ಆದದ್ದು ಇಳಿದ ಮೇಲೆ. ಬಾಣಂತಿಗೆಂದು ಒಂದು ಡಬ್ಬಿ ಅಂಟಿನ ಉಂಡಿ ಕಟ್ಟಿಕೊಂಡು ಹೋಗಿದ್ದೆ. ಅಲ್ಲಿನ ಸುಂಕದ ಸಾಹೇಬ ಡಬ್ಬಿ ತೆಗೆದು, ಒಂದು ಉಂಡಿಯನ್ನು ಎರಡು ಬೆರಳಲ್ಲಿ ಹಿಡಿದು ದೀಪಕ್ಕೆ ಎತ್ತಿ ನೋಡಿದ. ನನಗೆ ಅವನ ಮಾತು ಬಾರದು, ಅವನಿಗೆ ನನ್ನದು. ಹೊಟ್ಟೆಯ ಮುಂದೆ ಕೈಯಿಂದ ದೊಡ್ಡ ಗುಂಡಗೆ ಮಾಡಿ ತೋರಿಸಿದೆ, ಆಮೇಲೆ ಎರಡು ಕೈಯಲ್ಲಿ ಕೂಸು ತೂಗಿದೆ. ಅವನು ನನ್ನ ಬಿಳಿ ಕೂದಲು ನೋಡಿ ಗಾಬರಿಯಾದ, ನನಗೇ ದಿನ ತುಂಬಿದೆ ಎಂದು ತಿಳಿದನೋ ಏನೋ. ಕೊನೆಗೆ ಕುಲಾವಿ ತೆಗೆದು ತೋರಿಸಿದೆ. ಅದನ್ನು ನೋಡಿದ್ದೇ ಡಬ್ಬಿ ಮುಚ್ಚಿ ಎರಡೂ ಕೈಯಲ್ಲಿ ನನಗೆ ಕೊಟ್ಟ.

ಶಾರದಾಳ ಊರು ಸಣ್ಣದು, ನಡುವೆ ಒಂದು ನದಿ. ಅಲ್ಲಿನ ಮಂದಿ ಎದುರು ಸಿಕ್ಕರೆ ಮಳೆಯ ಬಗ್ಗೆ ಮಾತಾಡುತ್ತಾರೆ, ಆದರೆ ನಮ್ಮ ಹಾಗೆ ಬರಲಿ ಎಂದು ಬಾಯಿ ತೆರೆದು ಅಲ್ಲ, ಯಾಕೆ ಬಂತು ಎಂದು ಮುಖ ಸಿಂಡರಿಸಿಕೊಂಡು. ಬಾಗಿಲು ಯಾವಾಗಲೂ ಮುಚ್ಚಿರುತ್ತದೆ. ಒಂದು ವಾರದ ಮೇಲೂ ಎದುರು ಮನೆಯಲ್ಲಿ ಎಷ್ಟು ಜನರಿದ್ದಾರೆಂದು ನನಗೆ ತಿಳಿಯಲಿಲ್ಲ. ನಮ್ಮ ಪೇಟೆಯಲ್ಲಾದರೆ ಅಷ್ಟು ಹೊತ್ತಿಗೆ ಅವರ ಮೂರು ತಲೆಮಾರಿನ ಕಥೆ ನನ್ನ ಕೈಯಲ್ಲಿರುತ್ತಿತ್ತು.

ಕೂಸು ಹುಟ್ಟಿತು, ಗಂಡು. ಎರೆಯುವುದು, ಲೋಬಾನದ ಹೊಗೆ, ಖಾರ, ಎಲ್ಲ ನಮ್ಮ ಪದ್ಧತಿಯಂತೆ ನಡೆಯಿತು. ಹೊಗೆಗೆ ಆ ಮನೆಯಲ್ಲಿ ಏನೋ ಗಂಟೆ ಹೊಡೆದುಕೊಂಡು ಎದುರು ಮನೆಯವರು ಓಡಿ ಬಂದರು. ಅವರು ಐದು ಜನ ಎಂದು ಅವತ್ತು ಗೊತ್ತಾಯಿತು.

ಗಡಿಯಾರದ ಅಂಗಡಿ

ಕೂಸಿಗೆ ಇಪ್ಪತ್ತು ದಿನವಾದ ಮೇಲೆ ಶಾರದಾ ಗಾಳಿಗೆ ಹೊರಡೋಣ ಎಂದಳು. ಬಾಣಂತಿ ಹೊರಗೆ ಹೋಗುವುದೇ ಎಂದು ಬೈದೆ. "ಇಲ್ಲೆ ಯಾರೂ ಒಳಗ ಕುಂದರೂದಿಲ್ಲ ಅತ್ತಿ" ಎಂದು ಕೂಸಿನ ಗಾಡಿ ತಳ್ಳಿಕೊಂಡು ಹೊರಟೇಬಿಟ್ಟಳು. ನಾನು ಹಿಂದೆ ಹೋದೆ.

ಊರ ನಡುವೆ ನಾಲ್ಕು ಮಹಡಿಯ ಒಂದು ಅಂಗಡಿ, ನೆತ್ತಿಯ ಮೇಲೆ ಗಡಿಯಾರ. ರಸ್ತೆಯ ಉದ್ದಕ್ಕೂ ಗೋಡೆಯೆತ್ತರದ ಗಾಜು. ಬಾಗಿಲಲ್ಲಿ ಒಬ್ಬ ಸಮವಸ್ತ್ರದವನು ತಲೆ ಬಾಗಿಸಿದ. ನಾನು ಒಳಗಿನ ಮೆತ್ತನೆಯ ಜಮಖಾನೆ ನೋಡಿದೆ, ನಲವತ್ತು ವರ್ಷದ ರೂಢಿ, ಚಪ್ಪಲಿ ಬಾಗಿಲಲ್ಲೇ ಬಿಟ್ಟೆ. ಶಾರದಾ ಕೂಸಿನ ಕಡೆ ನೋಡುತ್ತಿದ್ದಳು.

ಎಂಥ ಅಂಗಡಿ ಅದು! ಅಂಗಿಯ ಗುಂಡಿಗೆ ಒಂದು ಮೂಲೆ, ಟೊಪ್ಪಿಗೆಗೆ ಒಂದು ಕೋಣೆ, ಪಿಂಗಾಣಿಗೆ ಒಂದು ಮಹಡಿ. ಗಿರಾಕಿಗಳು ನಿಂತೇ ಇರುತ್ತಾರೆ, ಕೂರಿಸುವವರಿಲ್ಲ, ನೀರು ಕೇಳುವವರಿಲ್ಲ. ಚೌಕಾಸಿಯಂತೂ ಇಲ್ಲವೇ ಇಲ್ಲ. ಒಂದು ತಾಸು ತಿರುಗಿ ಕೆಳಗೆ ಬಂದರೆ ನನ್ನ ಚಪ್ಪಲಿ ಮಾಯ. ಶಾರದಾ ಕೆಂಪಾದಳು, "ಅತ್ತಿ, ಬರಿಗಾಲಲೆ ತಿರುಗಿದಿ?" ಎಂದಳು. ಸಮವಸ್ತ್ರದವನು ಅತ್ತ ಓಡಿದ, ಇತ್ತ ಓಡಿದ. ಅಂಗಡಿಯದೇ ಮಾಲು ಎಂದು ಯಾರೋ ಅವನ್ನು ಪಾದರಕ್ಷೆಯ ವಿಭಾಗಕ್ಕೆ ಒಯ್ದಿಟ್ಟಿದ್ದರು. ಒಬ್ಬ ಹೆಂಗಸು ಒಂದನ್ನು ಕಾಲಿಗೆ ಹಾಕಿಕೊಂಡು ತನ್ನ ಅಳತೆಯದು ಇದೆಯೇ ಎಂದು ಕೇಳುತ್ತಿದ್ದಳಂತೆ.

ಚಪ್ಪಲಿಯನ್ನು ಕೈಯಲ್ಲಿ ಹಿಡಿದು ತಂದವಳು ಒಬ್ಬ ಮುದುಕಿ. ನೆಟ್ಟಗೆ ಸೆಟೆದ ಬೆನ್ನು, ಕೊರಳಲ್ಲಿ ಅಳತೆಯ ಪಟ್ಟಿ. ನನ್ನ ಕಾಲ ಬಳಿ ತಾನೇ ಬಗ್ಗಿ ಇಟ್ಟಳು. ಏಳುವಾಗ ಅವಳ ಕಣ್ಣು ನನ್ನ ಸೆರಗಿಗೆ ಬಿತ್ತು. ಏನೋ ಕೇಳಿದಳು. "ಮುಟ್ಲೇನು ಅಂತಾರ" ಎಂದಳು ಶಾರದಾ. ಹೂಂ ಎಂದೆ. ಆ ಮುದುಕಿ ಅಂಚಿನ ದಡಿ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಅವಳ ಬೆರಳು ನೇರವಾಗಿ ಹೋಗಿ ಕೊಂಡಿಯ ಸಾಲಿನ ಮೇಲೆ ನಿಂತಿತು. ಅಷ್ಟು ಸಾಕಾಯಿತು, ಇವಳು ನಮ್ಮ ಕಸುಬಿನವಳು ಎಂದು ನನಗೆ ಗೊತ್ತಾಯಿತು.

ಹಿತ್ತಾಳೆಯ ಗೆರೆ

ಅವಳ ಹೆಸರು ಎಡಿತ್. ಆ ಅಂಗಡಿ ಅವಳ ಅಜ್ಜನದು. ಲಗ್ನವಾಗಿರಲಿಲ್ಲ. ಲೆಕ್ಕಪತ್ರ ಅಣ್ಣನ ಕಡೆ, ರಸ್ತೆಯ ಗಾಜಿನೊಳಗಿನ ಅಲಂಕಾರವೆಲ್ಲ ಇವಳ ಕಡೆ. ನಾನು ಎಡಿತಬಾಯಿ ಎಂದೇ ಕರೆದೆ, ಅವಳಿಗೂ ಅದು ಸೇರಿತು. ವಾರಕ್ಕೆ ಎರಡು ಸಲ ನಮಗೆ ಮೇಲಿನ ಮಹಡಿಯಲ್ಲಿ ಚಹಾ ಕೊಟ್ಟಳು. ಅವರ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವ ಕೆಲಸ ನಮ್ಮದೇ. ನಾನು ನಾಲ್ಕು ಚಮಚ ಹಾಕಿದ್ದನ್ನು ಅವಳು ನೋಡಿಯೂ ನೋಡದ ಹಾಗೆ ಇದ್ದಳು.

ಅಲ್ಲಿ ಕುಳಿತೇ ಅವಳು ಅಂಗಡಿಯ ಕಥೆ ಹೇಳಿದ್ದು. ಅವಳಜ್ಜ ಕೈಗಾಡಿಯಲ್ಲಿ ರಿಬ್ಬನ್ನು, ಗುಂಡಿ, ಸೂಜಿ ಮಾರುತ್ತ ಹೊಲಗದ್ದೆಯ ಮನೆಗಳನ್ನು ಸುತ್ತಿದವನು. ನಮ್ಮಜ್ಜನ ತಟ್ಟಿನ ಕಥೆ ಹೇಳಿದೆ. ಅವಳು ಚಪ್ಪಾಳೆ ತಟ್ಟಿ, ಆ ಕುದುರೆಯ ಹೆಸರೇನು ಎಂದು ಕೇಳಿದಳು. ನಮ್ಮಲ್ಲಿ ಯಾರೂ ಅದನ್ನು ಕೇಳಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಹಾಯುದ್ಧದಲ್ಲಿ ಕೆಲಸಗಾರ ಗಂಡಸರೆಲ್ಲ ದಂಡಿಗೆ ಹೋದಾಗ ಅವಳ ಅವ್ವ ಮತ್ತು ಚಿಕ್ಕಮ್ಮಂದಿರು ಅಂಗಡಿ ನಡೆಸಿದರಂತೆ. ಗಡಿಯಾರ ಒಂಬತ್ತು ಹೊಡೆದ ಕೂಡಲೇ ಗಾಜುಗಳ ಪರದೆ ಮೇಲೇರಬೇಕು, ಇದು ಅಜ್ಜನ ನೇಮ. ಬಾಂಬು ಬಿದ್ದ ಮರುದಿನವೂ ಏರಿತ್ತು, ಅಪ್ಪ ಸತ್ತ ದಿನವೂ ಏರಿತ್ತು ಎಂದಳು.

ಕೆಳಗಿನ ಕಂಬವೊಂದಕ್ಕೆ ಎದೆಯೆತ್ತರಕ್ಕೆ ಹಿತ್ತಾಳೆಯ ಗೆರೆ ಬಡಿದಿದ್ದರು. ಒಂದು ವರ್ಷ ನದಿ ಉಕ್ಕಿ ನೀರು ಅಲ್ಲಿಯ ತನಕ ಬಂದಿತ್ತಂತೆ. ಮನೆಮಂದಿಯೆಲ್ಲ ಬಟ್ಟೆಯ ತಾನುಗಳನ್ನು ಹೆಗಲ ಮೇಲೆ ಹೊತ್ತು ಮೇಲಿನ ಮಹಡಿಗೆ ಸಾಗಿಸಿದ್ದರು. ನಾನು ಆ ಗೆರೆಯನ್ನು ಮುಟ್ಟಿದೆ. ನಮ್ಮ ಪೇಟೆಗೂ ನೀರು ಬರುತ್ತದೆ ಎಂದೆ, ಬಂದದ್ದು ಇಳಿಯುವುದಿಲ್ಲ, ಗೆರೆ ಬಡಿಯಲು ಕಂಬವೂ ಉಳಿಯುವುದಿಲ್ಲ. ಹೇಳುವಾಗ ಕಣ್ಣು ತುಂಬಿತು. ಊರಲ್ಲಿ ಇಷ್ಟು ದಿನ ಎಲ್ಲರೂ ಅದೇ ಮಾತಾಡಿದ್ದರೂ ಅತ್ತಿರಲಿಲ್ಲ.

ಎಡಿತಬಾಯಿ ಏನೋ ಕೇಳಿದಳು. ಶಾರದಾ ಕೂಸಿನ ಹೊದಿಕೆ ಸರಿಮಾಡತೊಡಗಿದಳು.

"ಏನಂತಾರ?"

"ಅಂಗಡಿ ಮ್ಯಾಲಿನ ಊರಿಗಿ ಹೋಗ್ತೈತಿ, ಖರೆ. ನೀ ಎಲ್ಲಿ ಹೋಗ್ತಿ ಅಂತ ಕೇಳಾಕತ್ತಾರ."

ನಾನು ನಕ್ಷೆಯ ಕಥೆ, ಪರದೆಯ ಕಥೆ ಹೇಳಿದೆ. ಶಾರದಾ ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಅವಳ ದನಿ ಒಂದೆರಡು ಕಡೆ ನಿಂತಿತು. ಮನೆಗೆ ಬಂದ ಮೇಲೆ ಕಪಾಟಿನಿಂದ ತನ್ನಪ್ಪನ ಪತ್ರ ತಂದು ನನ್ನ ಮುಂದಿಟ್ಟಳು. "ದೀಪಾವಳಿ ಪಾಡ್ಯಕ್ಕ ಹೊಸ ಅಂಗಡಿ ಪೂಜಿ. ಅಕ್ಕಗ ಅವಸರ ಮಾಡಬ್ಯಾಡಂತ ಹೇಳು. ಉಗಾದಿ ತನಕ ಅಲ್ಲೇ ಇಟಗೋ. ಒಮ್ಮೆ ಹೊಸಾದು ರೂಢಿ ಆತಂದ್ರ ಅಕಿಗೂ ಮನಸಿಗಿ ತ್ರಾಸ ಆಗೂದಿಲ್ಲ" ಎಂದು ಈರಣ್ಣ ಬರೆದಿದ್ದ. ಬಾಣಂತನ ಖರೆ, ಆದರೆ ನನ್ನನ್ನು ದೂರ ಇಡಲಿಕ್ಕೂ ಕಳಿಸಿದ್ದರು. ಆ ರಾತ್ರಿ ಊಟ ಸೇರಲಿಲ್ಲ. ನನ್ನ ತಮ್ಮನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು.

ಗಾಜಿನೊಳಗೆ

ಎಡಿತಬಾಯಿ ನನ್ನ ಟ್ರಂಕಿನಲ್ಲಿದ್ದ ಎರಡು ಹೊಸ ಇಳಕಲ್ ಸೀರೆಗಳನ್ನು ಒಂದು ವಾರದ ಮಟ್ಟಿಗೆ ಕೇಳಿದಳು. ಅವನ್ನು ಗಾಜಿನೊಳಗೆ ಇಡಬೇಕಂತೆ. ಉಡಿಸಲು ನಾನೇ ಬರಬೇಕು ಎಂದಳು. ಮುಂಜಾನೆ ಏಳಕ್ಕೆ ಹೋದೆವು. ಗಾಜಿಗೆ ಒಳಗಿನಿಂದ ದಪ್ಪ ಪರದೆ ಇಳಿಬಿಟ್ಟಿತ್ತು. ಪರದೆ ಮತ್ತು ಹಲಗೆಯ ಗೋಡೆಯ ನಡುವೆ ನಾಲ್ಕು ಮೊಳ ಜಾಗ. ಕುಳಿತ ಕೂಡಲೇ ನನಗೆ ನನ್ನ ಜಾಗಕ್ಕೇ ಬಂದ ಹಾಗಾಯಿತು, ಹೊರಗಿನ ಹೆಜ್ಜೆ ಸಪ್ಪಳ ಸಹ ಹಾಗೇ ಕೇಳುತ್ತಿತ್ತು.

"ನೀವೂ ನನ್ನಂಗ ಪರದೆ ಹಿಂದಿನವರು" ಎಂದೆ.

ಎಡಿತಬಾಯಿ ತಲೆ ಅಲ್ಲಾಡಿಸಿ, ಪಕ್ಕದಲ್ಲಿ ತೂಗುತ್ತಿದ್ದ ಹಗ್ಗವನ್ನು ಹಿಡಿದು ತೋರಿಸಿದಳು. ಶಾರದಾ ಹೇಳಿದಳು, "ಹಗ್ಗ ನನ್ನ ಕೈಯಾಗ ಐತಿ ಅಂತಾರ. ಬೇಕಾದಾಗ ಎಳಕೋತೇನಿ ಅಂತಾರ."

ನನ್ನ ಪರದೆಗೆ ಹಗ್ಗವೇ ಇರಲಿಲ್ಲ. ಮೇಲೆ ಮೊಳೆ ಹೊಡೆದಿದ್ದರು.

ಮರದ ಗೊಂಬೆಗೆ ಸೀರೆ ಉಡಿಸುವುದು ಸುಲಭವಲ್ಲ, ಅದು ಉಸಿರು ಬಿಗಿ ಹಿಡಿಯುವುದಿಲ್ಲ, ನಡು ತಿರುಗಿಸುವುದಿಲ್ಲ. ನಿರಿಗೆ ಮತ್ತೆ ಮತ್ತೆ ಜಾರಿತು. ಶಾರದಾ ಕೂಸು ಅತ್ತಿತೆಂದು ಅಂಗಡಿಯೊಳಗೆ ಹೋದಳು. ನಾನು ಗೊಂಬೆಯ ಹಿಂದೆ ಮಂಡಿಯೂರಿ ನಿರಿಗೆ ಹಿಡಿದಿದ್ದೆ. ಮೇಲೆ ಗಡಿಯಾರ ಒಂಬತ್ತು ಹೊಡೆಯಿತು. ಗೊಂಬೆಯ ಮರೆಯಲ್ಲಿ ನಾನು ಕಾಣದೆ, ಆಗಲೇ ಹೊರಗೆ ಹೋಗಿದ್ದೇನೆ ಎಂದು ತಿಳಿದು ಎಡಿತಬಾಯಿ ಅಜ್ಜನ ನೇಮದಂತೆ ಹಗ್ಗ ಎಳೆದಳು.

ಪರದೆ ಸರ್ರನೆ ಮೇಲೇರಿತು. ಬೆಳಕು ಬಿತ್ತು. ಇಡೀ ರಸ್ತೆ ನನ್ನ ಮುಂದಿತ್ತು.

ಸೈಕಲ್ಲಿನವನೊಬ್ಬ ಒಂದು ಕಾಲು ನೆಲಕ್ಕಿಟ್ಟು ನಿಂತ. ಶಾಲೆಯ ಹುಡುಗಿಯರು ಗಾಜಿಗೆ ಮೂಗು ಹಚ್ಚಿದರು. ನಾನು ಸೆರಗು ಮುಖಕ್ಕೆ ಎಳೆದುಕೊಂಡು ಹಿಂದೆ ಸರಿದೆ, ಹಿಂದೆ ಹಲಗೆ. ನಿರಿಗೆ ಬಿಟ್ಟರೆ ಸೀರೆ ಉದುರುತ್ತದೆ. ಬಿಡಲು ಮನಸ್ಸು ಬರಲಿಲ್ಲ. ಕಸುಬಿನ ಮಾನ ಇರುತ್ತದಲ್ಲ. ಮುಖ ಮುಚ್ಚಿಕೊಂಡೇ ನಿರಿಗೆ ಸಿಕ್ಕಿಸಿದೆ, ಸೆರಗು ಇಳಿಬಿಟ್ಟೆ, ದಡಿ ನೇರ ಮಾಡಿದೆ. ಮುಗಿಸಿ ನೋಡಿದರೆ ಹೊರಗೆ ಒಂದು ಸಣ್ಣ ಗುಂಪೇ ನಿಂತಿತ್ತು. ಯಾರೂ ನಗುತ್ತಿರಲಿಲ್ಲ. ಒಬ್ಬ ಮುದುಕ ಟೊಪ್ಪಿಗೆ ತೆಗೆದ.

ಹಲಗೆಯ ಬಾಗಿಲಿಂದ ಅಂಗಡಿಯೊಳಗೆ ಇಳಿಯುವಷ್ಟರಲ್ಲಿ ತಾಯಿ ಮಗಳಿಬ್ಬರು ನನ್ನನ್ನೇ ಹುಡುಕಿಕೊಂಡು ಬಂದಿದ್ದರು. ಮಗಳಿಗೆ ಮುಂದಿನ ತಿಂಗಳು ಲಗ್ನವಂತೆ. ಲಗ್ನದ ಮರುದಿನ ಉಡಲು ಆ ದಾಳಿಂಬೆ ಬಣ್ಣದ ಬಟ್ಟೆ ತನಗೆ ಒಪ್ಪುತ್ತದೆಯೇ ಎಂದು ಕೇಳಿದಳು. ನಾನು ಕೈ ಹಿಂದೆಳೆದುಕೊಂಡೆ.

"ಶಾರದಾ, ನಾ ಎಂಥಾಕಿ ಅಂತ ಮೊದಲ ಹೇಳು ಅವರಿಗಿ. ಆಮ್ಯಾಲೆ ಬಟ್ಟಿ ಮುಟ್ಟಲಿ."

"ಅತ್ತಿ, ಇಲ್ಲೆ ಅದೆಲ್ಲಾ..."

"ಹೇಳು ಅಂದ್ರ ಹೇಳು!"

ಹೇಳಿದಳು. ಆ ತಾಯಿ ಅರ್ಥವಾಗದವಳಂತೆ ಎರಡು ಸಲ ಕೇಳಿದಳು. ಆಮೇಲೆ ನಿಧಾನವಾಗಿ ಉತ್ತರ ಕೊಟ್ಟಳು. "ನಾನೂ ಗಂಡನ್ನ ಕಳಕೊಂಡಾಕಿನ ಅಂತಾರ ಅತ್ತಿ. ನಾ ಅಲ್ದ ಮತ್ಯಾರು ನನ್ನ ಮಗಳಿಗಿ ಅರಿವಿ ಆರಸಬೇಕು ಅಂತ ಕೇಳಾಕತ್ತಾರ."

ಆಗ ಈರಣ್ಣ ನೆನಪಾದ. ಅವನ ಹೆಂಡತಿ ತೀರಿಕೊಂಡು ಹದಿನೈದು ದಿನವೂ ಆಗಿರಲಿಲ್ಲ, ಅವನು ಗಾದಿಯ ಮೇಲೆ ಕುಳಿತು ಮದುಮಗಳ ಸೀರೆ ಬಿಡಿಸಿದ್ದ. ನಾನೇ ಪರದೆಯಡಿಯಿಂದ ತಳ್ಳಿದ ಸೀರೆ. ಬಂದವರು ಅಯ್ಯೋ ಪಾಪ ಎಂದು ಅವನಿಗೆ ಚಹಾ ತರಿಸಿದ್ದರು. ಆರು ವರ್ಷ ಇದು ನನ್ನ ಕಣ್ಣ ಮುಂದೆಯೇ ನಡೆದಿತ್ತು, ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನನ್ನ ದಡ್ಡತನಕ್ಕೆ ನನಗೇ ನಾಚಿಕೆಯಾಯಿತು.

ಆ ಹುಡುಗಿಗೆ ದಾಳಿಂಬೆ ಬೇಡ, ಇನ್ನೊಂದು, ನವಿಲು ಬಣ್ಣದ್ದು ತೆಗೆದುಕೊ ಎಂದೆ. ಅವಳ ಭುಜದ ಮೇಲೆ ನಾನೇ ಹಾಕಿದೆ. ಅವಳು ಅದನ್ನು ಬಿಡಲೊಲ್ಲದೆ ಕೊಂಡೊಯ್ದಳು, ಎಡಿತಬಾಯಿಯ ಗಾಜಿನೊಳಗೆ ಒಂದೇ ಸೀರೆ ಉಳಿಯಿತು.

ಮನೆಗೆ ಹೋಗುವ ದಾರಿಯಲ್ಲಿ ಶಾರದಾ, "ಎಷ್ಟ ಚಂದ ಅದಾಳಲ್ಲ ಹುಡುಗಿ? ಆ ಕಣ್ಣು ನೋಡಿದಿ?" ಎಂದಳು.

ನಾನು ನೋಡಿರಲಿಲ್ಲ. ಅಷ್ಟು ಹತ್ತಿರ ನಿಂತು ಸೀರೆ ಹಾಕಿದವಳು, ಉದ್ದಕ್ಕೂ ತಲೆ ತಗ್ಗಿಸಿಯೇ ಇದ್ದೆ. ಅವಳ ದನಿ ಮಾತ್ರ ಕೇಳಿದ್ದೆ.

"ಕೂಸಿಗಿ ನಲವತ್ತು ದಿನ ತುಂಬಿದ ಮರುದಿನ ನಾ ಹೋಗ್ತೇನಿ. ಟಿಕೀಟ ಮಾಡಸು" ಎಂದೆ. ಶಾರದಾ ಬೇಡ ಎನ್ನಲಿಲ್ಲ.

ಹೊರಡುವ ದಿನ ಎಡಿತಬಾಯಿಗೆ ಒಂದು ಖಣ, ಒಣ ಕೊಬ್ಬರಿ, ಅಕ್ಕಿ ಹಾಕಿ ಉಡಿ ತುಂಬಿದೆ. ಉಡಿ ಒಡ್ಡಲು ಅವಳಿಗೆ ಸೆರಗಿಲ್ಲ. ಅಂಗಡಿಯ ನೀಲಿ ಏಪ್ರನ್ನನ್ನೇ ಎರಡು ಕೈಯಲ್ಲಿ ಹಿಡಿದು ನಿಂತಳು. ಗಂಡ ಸತ್ತವಳು ಮದುವೆಯಾಗದವಳಿಗೆ ಉಡಿ ತುಂಬಿದ್ದನ್ನು ನಮ್ಮ ಊರಲ್ಲಿ ಕೇಳಿದರೆ ಏನನ್ನುವರೋ. ಅಕ್ಕಿ ಒಂದು ಕಾಳೂ ಕೆಳಗೆ ಬೀಳದ ಹಾಗೆ ಅವಳು ಮಡಚಿಕೊಂಡಳು.

ಇಳಕಲ್

ಬೊಂಬಾಯಿಯಿಂದ ಮನೆಗೆ ಬಂದಾಗ ಪಾಡ್ಯಕ್ಕೆ ನಾಲ್ಕು ದಿನ. ಈರಣ್ಣ ನನ್ನನ್ನು ನೋಡಿ ಬಾಗಿಲಲ್ಲೇ ನಿಂತ. "ಯಾಕಕ್ಕಾ, ಇಷ್ಟ ಲಗೂನ?" ಎಂದ. "ಇಳಕಲ್ಲಿಗಿ ಹೋಗಬೇಕು" ಎಂದೆ. ಮರುದಿನ ಹುನಗುಂದದ ಮೇಲೆ ಹೋಗುವ ಬಸ್ಸು ಹಿಡಿದೆ.

ನಮಗೆ ಮೂವತ್ತು ವರ್ಷದಿಂದ ಸೀರೆ ಕೊಡುವ ನೇಕಾರ ಸಂಗಪ್ಪ ಮಗ್ಗದಿಂದ ಎದ್ದು ಬಂದ. "ಈರಣ್ಣಾರ ಹೋದ ವಾರ ಬಂದಿದ್ರಿ. ಗಾಡಿ ತುಂಬಿಕೊಂಡು ಹೋದ್ರು. ಬಣ್ಣ ನೋಡಿದ್ರು, ದಡಿ ನೋಡಿದ್ರು. ಬೆರಳ ಹಚ್ಚಿ ನೋಡಲಿಲ್ಲರಿ" ಎಂದ. ಅವನ ಹೆಂಡತಿ ಒಳಗಿನಿಂದ, ನನಗೆಂದೇ ಎತ್ತಿಟ್ಟಿದ್ದ ಹನ್ನೆರಡು ಸೀರೆ ತಂದಳು. ಎಲ್ಲವನ್ನೂ ಹೊರಗಿನ ಕಟ್ಟೆಯ ಮೇಲೆ, ಹಾಡಹಗಲಲ್ಲಿ, ಬಿಡಿಸಿ ನೋಡಿದೆ. ಗಂಟು ಕಟ್ಟಿಕೊಂಡು ತಲೆಯ ಮೇಲೆ ಹೊತ್ತು ಬಸ್ಸಿಗೆ ಬಂದೆ.

ನವನಗರ

ಹೊಸ ಅಂಗಡಿಯ ಗೋಡೆಗಳಿಂದ ಇನ್ನೂ ಸುಣ್ಣದ ವಾಸನೆ ಬರುತ್ತಿತ್ತು. ಸುತ್ತ ಅರ್ಧ ಕಟ್ಟಿದ ಮನೆಗಳು, ಒಂದೂ ದೊಡ್ಡ ಗಿಡವಿಲ್ಲ. ಪೂಜೆ ಮುಗಿದು ಸ್ವಾಮಿಗಳು ಹೋದ ಮೇಲೆ ನಾನು ಗಂಟು ಬಿಚ್ಚಿ, ಸೀರೆಯ ವಿಭಾಗದ ಗಾದಿಯ ಮೇಲೆ ಹೋಗಿ ಕುಳಿತೆ. ಈರಣ್ಣ ಓಡಿ ಬಂದ.

"ಅಕ್ಕಾ, ಏಳು. ಲಗ್ನದ ಜವಳಿಯವರು ಬರಾಕತ್ತಾರ. ಹುನಗುಂದದವರು. ಮಂದಿ ಏನಂತಾರ?"

"ನಿನ್ನ ಹೆಂಡತಿ ಸತ್ತ ಹದಿನೈದು ದಿನಕ್ಕ ನೀ ಗಾದಿ ಮ್ಯಾಲ ಕುಂತಿದ್ದಿ. ನಿನಗ ಯಾರರ ಪರದೆ ಕಟ್ಟಿದ್ರೇನು?"

ಅವನು ಬಾಗಿಲ ಕಡೆ ಮುಖ ತಿರುಗಿಸಿದ. ಗೋಡೆಯ ಮೇಲಿನ ಬಸವಣ್ಣನವರ ಪಟವನ್ನು ನಾನು ಅವತ್ತೇ ಮೊದಲ ಸಲ ಕುಳಿತಲ್ಲಿಂದ ನೋಡಿದೆ. ಬಂದವರು ಎದ್ದು ಹೋದರೆ ಅಂಗಡಿಯ ಮೊದಲ ದಿನದ ಮೊದಲ ಗಿರಾಕಿಯನ್ನು ಕಳೆದವಳು ನಾನಾಗುತ್ತೇನೆ. ಆಮೇಲೆ ಈರಣ್ಣ ಏನು ಹೇಳಿದರೂ ಕೇಳಲೇಬೇಕು, ಮನೆಯಲ್ಲೇ ಇರಬೇಕು.

ಬಂದವರು ಆರು ಜನ. ಮುಂದೆ ಇದ್ದವಳು ಮದುಮಗಳ ತಾಯಿ, ಶಾಂತವ್ವ, ನನಗಿಂತ ಐದಾರು ವರ್ಷ ಚಿಕ್ಕವಳು. ಕುಳಿತಳು. ನನ್ನ ಹಣೆ ನೋಡಿದಳು, ವಿಭೂತಿ ಇತ್ತು, ಕುಂಕುಮವಿರಲಿಲ್ಲ. ಆಮೇಲೆ ನನ್ನ ಕೈ ನೋಡಿದಳು. ಬಳೆಯಿಲ್ಲದ ಕೈಯನ್ನು ಬಹಳ ಹೊತ್ತು ನೋಡಿದಳು. ಈರಣ್ಣ ನಡುವೆ ಬಾಯಿ ಹಾಕಿದ, "ಬರ್ರಿ ಶಾಂತವ್ವಾರ, ಈ ಕಡೆ ಬರ್ರಿ, ನಾ ತೋರಸ್ತೇನಿ."

"ಸ್ವಲ್ಪ ತಡೀರಿ" ಎಂದಳು ಶಾಂತವ್ವ. ನನ್ನ ಕಡೆ ತಿರುಗಿದಳು. "ಅಕ್ಕಾರ, ಹಳೇ ಅಂಗಡ್ಯಾಗ ಪರದೆ ಹಿಂದ ಇರ್ತಿದ್ದವರು ನೀವ ಅಲ್ರಿ?"

ನಾನು ಬರಿಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ನನ್ನ ಲಗ್ನದ ಸೀರಿ ನಿಮ್ಮಲ್ಲೇ ತಗೊಂಡಿದ್ವಿ. ಪರದೆ ಬುಡದಿಂದ ಸೀರಿ ಬಂತು, ಹಿಂದ ಒಂದು ಕೈ. ಬಳಿ ಇರಲಿಲ್ಲ. ನಾ ಹೆದರಿ ನಮ್ಮವ್ವಗ ತೋರಿಸಿ ಹೇಳಿದ್ನಿ. ನಮ್ಮವ್ವ ಏನಂದ್ಲು ಗೊತ್ತೇನ್ರಿ? ಸುಮ್ಮಕಿರು, ಅದ ಕೈ ಕೊಟ್ಟಿದ್ದ ಸೀರಿನ ತಗೋ, ನಾವು ಇಷ್ಟ ದೂರ ಬಂದದ್ದ ಆ ಕೈಗಿ ಅಂದ್ಲು."

"ನಿಮಗ... ಗೊತ್ತಿತ್ತೇನ್ರಿ?"

"ಅಯ್ಯ! ಹುನಗುಂದಕ್ಕೆಲ್ಲಾ ಗೊತ್ತಿತ್ತರಿ. ಬಾದಾಮಿ ಕಡೇ ಮಂದಿಗೂ ಗೊತ್ತಿತ್ತು. ಆ ಪರದೆ ನಿಮ್ಮ ಮನಿಯವರಿಗಿ ಬೇಕಾಗಿತ್ತೋ ಏನೋ, ನಮಗ್ಯಾಕ ಬೇಕಾಗಿತ್ತು?"

ಈರಣ್ಣ ಕಂಬಕ್ಕೆ ಕೈ ಕೊಟ್ಟು ನಿಂತಿದ್ದ. ನಾನು ಅವನ ಕಡೆ ನೋಡಲಿಲ್ಲ. ನಲವತ್ತು ವರ್ಷ. ಯಾರ ಸಲುವಾಗಿ ನಾನು ಅಡಗಿ ಕುಳಿತಿದ್ದೆನೋ ಅವರೆಲ್ಲ ನನ್ನ ಕೈಯನ್ನು ಗುರುತು ಹಿಡಿದು ಬರುತ್ತಿದ್ದರು. ಅಳು ಬಂತು, ಅತ್ತೆ. ಶಾಂತವ್ವ ನೀರು ತರಿಸಿದಳು, ನಮ್ಮ ಅಂಗಡಿಯಲ್ಲಿ ಗಿರಾಕಿ ನನಗೆ ನೀರು ಕೊಟ್ಟಳು. ಕುಡಿದೆ, ಸೆರಗಿನಿಂದ ಕಣ್ಣೊರೆಸಿಕೊಂಡೆ. ಸಂಗಪ್ಪನ ಹನ್ನೆರಡರಲ್ಲಿ ಮೇಲಿನದನ್ನು ಎತ್ತಿಕೊಂಡು ಕೊಂಡಿಯ ಮೇಲೆ ಒಮ್ಮೆ ಬೆರಳಾಡಿಸಿ, ಗಾದಿಯ ಉದ್ದಕ್ಕೂ ನಾನೇ ಬಿಡಿಸಿದೆ.

ಹುಡುಗಿ ಎಲ್ಲರ ಹಿಂದೆ ಕುಳಿತಿದ್ದಳು. ಚಂದ ಐತಿ ಎಂದು ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಮೆಲ್ಲಗೆ ಹೇಳಿದಳು. ನನ್ನ ತಲೆ ತಾನಾಗಿಯೇ ತಗ್ಗಿತು. ಎತ್ತಿದೆ.

"ಯವ್ವಾ, ಹಿಂದ ಯಾಕ ಕುಂತಿ? ಬೆಳಕಿಗಿ ಬಾ" ಎಂದೆ. "ಮೊದಲ ನಿನ್ನ ಮುಖ ನೋಡ್ತೇನಿ."